ಎಂಟನೆಯ ಗುಂಡಿಯ ಬಲಗಡೆಯ ಕಣ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇಂದುಧರ ಹೊಡೆದ ಮೊದಲ ಚೆಂಡು ಕಾರೆ ಮುಳ್ಳಿನ ಮೆಳೆಯೊಳಗೆ ಹೋಗಿ ಬಿತ್ತು.

"ಶುಭಾರಂಭ," ಎಂದರು ಸಿದ್ದಬಸಪ್ಪ. ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಕೈಯಲ್ಲಿದ್ದ ಚೀಟಿಯ ಮೇಲೆ ಒಂದು ಗೀಟು ಎಳೆದರು.

ಅದು 1937ರ ಜನವರಿ, ಸಂಕ್ರಾಂತಿ ಕಳೆದ ಮೊದಲ ಭಾನುವಾರ. ಅರಸೀಕೆರೆ ಸ್ಟೇಷನ್ನಿನಿಂದ ಒಂದೂವರೆ ಮೈಲಿ ಆಚೆಗಿನ ಗೋಮಾಳದಲ್ಲಿ ಒಂಬತ್ತು ಗುಂಡಿಗಳ ಗಾಲ್ಫ್ ಮೈದಾನವಿತ್ತು. ರೈಲ್ವೆಯ ಇಂಜಿನಿಯರುಗಳು ಹದಿನೈದು ವರ್ಷಗಳ ಹಿಂದೆ ಅದನ್ನು ಮಾಡಿಕೊಂಡಿದ್ದರು. ಜಾಗ ಕೊಡುವಾಗ ಊರಿನವರು ಎರಡು ಷರತ್ತು ಹಾಕಿದ್ದರು: ಬೇಲಿ ಕಟ್ಟಬಾರದು, ಯಾರನ್ನೂ ತಡೆಯಬಾರದು. ಹೀಗಾಗಿ ನಾಲ್ಕಾಣೆ ಕೊಟ್ಟವನು ಯಾರೇ ಆಗಲಿ ಅಲ್ಲಿ ಆಡಬಹುದಿತ್ತು. ನಾಲ್ಕಾಣೆ ಕೊಡದ ದನ, ಕುರಿ, ಎಮ್ಮೆಗಳೂ ಅಲ್ಲೇ ಇರುತ್ತಿದ್ದವು. ಹುಬ್ಬಳ್ಳಿಯಿಂದ ರೈಲಿನಲ್ಲಿ, ಅರೇಹಳ್ಳಿ ಕಡೆಯ ಕಾಫಿ ತೋಟಗಳಿಂದ ಮೋಟಾರಿನಲ್ಲಿ ಜನ ಆಡಲು ಬರುತ್ತಿದ್ದರು. ಬಂದವರಲ್ಲಿ ಬಹುಪಾಲು ಬೈದುಕೊಂಡು ಹಿಂದಿರುಗುತ್ತಿದ್ದರು. ನೆಲದ ತುಂಬ ಕಲ್ಲು, ಹುತ್ತ, ಗೊರಸಿನ ಗುಳಿ. ಗುಂಡಿಯ ಸುತ್ತ ಹುಲ್ಲಿನ ಬದಲು ಇಂಜಿನ್ನಿನ ಹಳೇ ಎಣ್ಣೆ ಬೆರೆಸಿ ಹಾಸಿದ ಮರಳು. ಮೇಲೆ ಗಾಳಿ. ಸಂಕ್ರಾಂತಿಯ ಹೊತ್ತಿನ ಅರಸೀಕೆರೆಯ ಗಾಳಿ ಒಂದೇ ಕಡೆಯಿಂದ ಬೀಸುತ್ತಿರುವಂತೆ ತೋರಿ, ಚೆಂಡು ಮೇಲೆದ್ದ ಕೂಡಲೇ ಮನಸ್ಸು ಬದಲಿಸುತ್ತಿತ್ತು.

ಮೈದಾನದ ಅಂಚಿನ ಹೆಂಚಿನ ಕೊಠಡಿಯ ಜಗಲಿಯಲ್ಲಿ ಒಂದು ಮರದ ಫಲಕ ತೂಗುಹಾಕಿದ್ದರು. ಒಂಬತ್ತು ಗುಂಡಿಗಳನ್ನು ನಲವತ್ತೈದು ಹೊಡೆತದೊಳಗೆ ಮುಗಿಸಿದವನ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವುದು ಪದ್ಧತಿ. ಹದಿನೈದು ವರ್ಷದಲ್ಲಿ ಇಪ್ಪತ್ತಮೂರು ಹೆಸರು ಸೇರಿದ್ದವು. ಆ ಜಿಲ್ಲೆಯಲ್ಲಿ ಹುಟ್ಟಿದವನ ಹೆಸರು ಒಂದೂ ಇರಲಿಲ್ಲ.

ಇಂದುಧರ ಹುಟ್ಟಿದ್ದು ಹಳೇಬೀಡಿನ ಹತ್ತಿರದ ಹಳ್ಳಿಯ ಒಕ್ಕಲು ಮನೆಯಲ್ಲಿ. ಬೇಲೂರಿನ ಮಿಡಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅದಕ್ಕೂ ಮೊದಲು ಎರಡು ವರ್ಷ ಅರೇಹಳ್ಳಿ ಆಚೆಯ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ. ತೋಟದ ಇಂಗ್ಲಿಷ್ ದೊರೆಗೆ ಸಂಜೆಯ ಹೊತ್ತು ಎದುರು ಆಡಲು ಬೇರೆ ಯಾರೂ ಸಿಗದೆ ಇವನಿಗೇ ಆಟ ಕಲಿಸಿದ್ದ. ತನ್ನ ದೇಶಕ್ಕೆ ಹಡಗು ಹತ್ತುವ ಮುಂಚೆ ಐದು ಹಳೆಯ ಕೋಲುಗಳನ್ನು ಕೊಟ್ಟುಹೋಗಿದ್ದ. ಇಂದುಧರನ ಹೆಂಡತಿ ಸುಮಿತ್ರಮ್ಮ ಆ ಕೋಲುಗಳಿಗೆ ಗೋಣಿತಟ್ಟಿನ ಚೀಲ ಹೊಲಿದುಕೊಟ್ಟಿದ್ದಳು. ಹೊಲಿಯುತ್ತಾ, "ಗೋಮಾಳದಲ್ಲಿ ದನ ಕಾಯೋರು ಸಂಜೆಗೆ ದನಾನಾದ್ರೂ ಮನೆಗೆ ಹೊಡ್ಕೊಂಡು ಬರ್ತಾರೆ. ನೀವು ಏನು ಹೊಡ್ಕೊಂಡು ಬರ್ತೀರಿ?" ಎಂದು ಕೇಳಿದ್ದಳು.

ಅವನು ಆ ಫಲಕಕ್ಕಾಗಿ ಮೂರು ಸಲ ಆಡಿದ್ದ. ಮೊದಲ ಸಲ ಐವತ್ತೆರಡು, ಎರಡನೆಯ ಸಲ ನಲವತ್ತೊಂಬತ್ತು. ಡಿಸೆಂಬರಿನಲ್ಲಿ ನಲವತ್ತಾರು. ಆ ಒಂದು ಹೊಡೆತ ಒಂದು ತಿಂಗಳಿಂದ ಅವನ ನಿದ್ದೆ ಕೆಡಿಸಿತ್ತು. ಈಗ ಪಾವಗಡಕ್ಕೆ ವರ್ಗವಾಗಿತ್ತು. ಗುರುವಾರ ಅಲ್ಲಿ ಹಾಜರಾಗಬೇಕು. ಪಾವಗಡದಿಂದ ಭಾನುವಾರ ಬಂದು ಆಡಿ ಹೋಗುವುದು ಆಗದ ಮಾತು. ಇದ್ದದ್ದು ಈ ಒಂದು ಬೆಳಿಗ್ಗೆ. ಅದಕ್ಕೆಂದು ಬೆಂಗಳೂರಿನಿಂದ ಒಂದು ಹೊಸ ಚೆಂಡು ತರಿಸಿ, ಹಿಂದಿನ ಸಂಜೆ ಹಳೇಬೀಡಿನ ಮೇಲೆ ಬರುವ ಬಸ್ಸಿನಲ್ಲಿ ಅದನ್ನು ಮೊಟ್ಟೆಯಂತೆ ಕೈಯಲ್ಲೇ ಹಿಡಿದುಕೊಂಡು ಬಂದಿದ್ದ.

ಹೊಡೆತ ಎಣಿಸುವ ಕೆಲಸ ಸಿದ್ದಬಸಪ್ಪನವರದು. ಮೂವತ್ತೊಂದು ವರ್ಷ ರೈಲ್ವೆ ಗಾರ್ಡ್ ಆಗಿದ್ದು ನಿವೃತ್ತರಾದವರು. ಅವರ ಸಹಿ ಇಲ್ಲದ ಚೀಟಿಯನ್ನು ಫಲಕದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಕೋಟಿನ ಜೇಬಿನಲ್ಲಿ ಗಾರ್ಡಿನ ಗಡಿಯಾರ, ಇನ್ನೊಂದು ಜೇಬಿನಲ್ಲಿ ನಾಲ್ಕು ಪುಟದ ನಿಯಮಗಳು. ಎರಡನ್ನೂ ಅವರು ಸಮಾನವಾಗಿ ನಂಬುತ್ತಿದ್ದರು.

ಕಾರೆ ಮೆಳೆಯೊಳಗಿಂದ ಚೆಂಡನ್ನು ಹೊರಕ್ಕೆ ಹಾಕಲು ಇಂದುಧರನಿಗೆ ಎರಡು ಹೊಡೆತ ಬೇಕಾಯಿತು. ಅಂಗಿಯ ತೋಳು ಹರಿಯಿತು. ಮೊದಲ ಗುಂಡಿಗೆ ಏಳು.

"ಏಳು," ಎಂದರು ಸಿದ್ದಬಸಪ್ಪ.

"ಗೊತ್ತು."

"ನಿಮ್ಗೆ ಗೊತ್ತಿರುತ್ತೆ, ಮೇಷ್ಟ್ರೇ. ನಾನು ಹೇಳೋದು ನಿಯಮ."

ಎರಡನೆಯದಕ್ಕೆ ಐದು, ಮೂರನೆಯದಕ್ಕೆ ನಾಲ್ಕು, ನಾಲ್ಕನೆಯದಕ್ಕೆ ಐದು. ಇಪ್ಪತ್ತೊಂದು. ಕೈ ಹಿಡಿತಕ್ಕೆ ಬರುತ್ತಿದೆ ಅನ್ನಿಸಿತು. ಐದನೆಯದರಲ್ಲಿ ನೇರವಾಗಿ ಹೋಗುತ್ತಿದ್ದ ಚೆಂಡು, ಮಲಗಿದ್ದ ಎಮ್ಮೆಯೊಂದರ ಪಕ್ಕೆಗೆ ತಾಗಿ ಇಪ್ಪತ್ತು ಗಜ ಹಿಂದಕ್ಕೆ ಬಂತು. ಎಮ್ಮೆ ತಲೆ ಎತ್ತಿ ನೋಡಲೂ ಇಲ್ಲ.

"ಇದನ್ನ ಮತ್ತೆ ಹೊಡೀಬಹುದಲ್ವೇ? ಇದು ನನ್ನ ತಪ್ಪಲ್ಲ."

"ಮೂರನೇ ಪುಟ," ಎಂದರು ಸಿದ್ದಬಸಪ್ಪ. "ದನಕರುಗಳು ಮೈದಾನದ ಭಾಗ. ಚೆಂಡು ಎಲ್ಲಿದೆಯೋ ಅಲ್ಲಿಂದ."

"ಎಮ್ಮೆ ಮೈದಾನದ ಭಾಗವೇ?"

"ನಮಗಿಂತ ಮುಂಚಿನಿಂದ."

ಐದನೆಯದಕ್ಕೆ ಆರು. ಆರನೆಯದು ಗಿಡ್ಡ ಗುಂಡಿ, ಮೂರರಲ್ಲೇ ಮುಗಿಯಿತು. ಏಳನೆಯದಕ್ಕೆ ಐದು. ಒಟ್ಟು ಮೂವತ್ತೈದು. ಎರಡು ಗುಂಡಿ ಉಳಿದಿದ್ದವು, ಹತ್ತು ಹೊಡೆತ ಉಳಿದಿದ್ದವು. ಎಂಟನೆಯದಕ್ಕೆ ಐದು, ಒಂಬತ್ತನೆಯದಕ್ಕೆ ಐದು ಆದರೂ ಸಾಕು. ಬೆವರು ಒರೆಸಿಕೊಂಡು ಅವನು ಈ ಕೂಡುವ ಲೆಕ್ಕವನ್ನು ಮೂರು ಸಲ ಮಾಡಿದ; ಮೂರು ಸಲವೂ ಅಷ್ಟೇ ಬಂತು.

ಎಂಟನೆಯ ಗುಂಡಿಗೆ ಹೊಡೆಯುವುದು ಕೆರೆ ಏರಿಯ ಬುಡದಿಂದ. ಎಡಕ್ಕೆ ತೆಂಗಿನ ತೋಟ. ಬಲಕ್ಕೆ, ಗೋಮಾಳದ ಅಂಚಿನಲ್ಲಿ, ಪ್ರತಿ ವರ್ಷ ಸುಗ್ಗಿಯಲ್ಲಿ ಚಿಕ್ಕಣ್ಣ ಎಂಬ ರೈತ ಕಣ ಮಾಡುತ್ತಿದ್ದ. ಇಂದುಧರ ಹೊಡೆದ. ಆ ಬೆಳಿಗ್ಗೆಯಲ್ಲೇ ಅತಿ ಒಳ್ಳೆಯ ಹೊಡೆತ ಅದು. ಚೆಂಡು ಎತ್ತರಕ್ಕೆ ಎದ್ದು, ತೆಂಗಿನ ಗರಿಗಳ ಮಟ್ಟ ದಾಟಿ, ಅಲ್ಲಿ ಗಾಳಿಗೆ ಸಿಕ್ಕಿತು. ಬಲಕ್ಕೆ ವಾಲಿತು, ಇನ್ನೂ ಬಲಕ್ಕೆ ವಾಲಿತು, ಕಣದ ನಡುವೆ ಗೋಪುರದಂತೆ ನಿಂತಿದ್ದ ರಾಗಿಯ ರಾಶಿಯೊಳಗೆ ಸದ್ದಿಲ್ಲದೆ ಹೊಕ್ಕಿತು.

ಸಿದ್ದಬಸಪ್ಪ ಚೀಟಿಯ ಮೇಲೆ ಇನ್ನೊಂದು ಗೀಟು ಎಳೆದರು.

"ನಾಲ್ಕನೇ ಪುಟ," ಎಂದ ಇಂದುಧರನೇ. "ಕಣದಲ್ಲಿ ಬಿದ್ದ ಚೆಂಡನ್ನ ಎತ್ತಿ ಹೊರಗೆ ಇಟ್ಟು ಆಡಬಹುದು. ದಂಡ ಇಲ್ಲ."

"ಚೆಂಡು ಸಿಕ್ಕಿದ್ರೆ," ಎಂದರು ಸಿದ್ದಬಸಪ್ಪ. "ಐದು ನಿಮಿಷದೊಳಗೆ ಕಣ್ಣಿಗೆ ಕಾಣಬೇಕು. ಕಾಣದೆ ಹೋದ್ರೆ ಕಳೆದ ಚೆಂಡು. ಒಂದು ಹೊಡೆತ ದಂಡ, ಇಲ್ಲಿಗೇ ವಾಪಸ್ ಬಂದು ಮೂರನೇ ಹೊಡೆತ."

ಇಂದುಧರ ಓಡಿದ. ಗೋಣಿಚೀಲದ ಕೋಲುಗಳು ಬೆನ್ನಿಗೆ ಬಡಿಯುತ್ತಿದ್ದವು.

ಕಣವನ್ನು ಸಗಣಿಯಿಂದ ಸಾರಿಸಿ ಹಸನು ಮಾಡಿದ್ದರು. ಒಕ್ಕಣೆ, ತೂರುವುದು ಎಲ್ಲ ಮುಗಿದಿತ್ತು. ರಾಶಿಯ ಸುತ್ತ ಬೂದಿಯ ಗೆರೆ ಎಳೆದು, ನೆತ್ತಿಗೆ ಹುಚ್ಚೆಳ್ಳಿನ ಹೂ ಸಿಕ್ಕಿಸಿದ್ದರು. ಪಕ್ಕದಲ್ಲಿ ಅಳತೆಯ ಕೊಳಗ. ಚಿಕ್ಕಣ್ಣ ತಲೆಗೆ ಟವಲು ಸುತ್ತಿಕೊಂಡು ಕೈ ಕಟ್ಟಿ ನಿಂತಿದ್ದ. ರಾಶಿಯ ಮೇಲ್ಭಾಗದಲ್ಲಿ ಬಟ್ಟಲಿನಷ್ಟು ಒಂದು ತಗ್ಗು ಬಿದ್ದಿತ್ತು. ಸುತ್ತಲ ಕಾಳು ಸಣ್ಣಗೆ ಜಾರುತ್ತ ಅದನ್ನು ಮುಚ್ಚುತ್ತಿತ್ತು.

"ಚೆಂಡು ಅಲ್ಲಿದೆ," ಎಂದ ಇಂದುಧರ ಏದುಸಿರು ಬಿಡುತ್ತಾ.

"ಕಂಡೆ ಸ್ವಾಮಿ. ಮೊದ್ಲು ಕಾಗೆ ಅನ್ಕಂಡೆ."

"ಒಂದು ಕೈ ಹಾಕಿದ್ರೆ ಸಿಕ್ಕಿಬಿಡುತ್ತೆ."

"ಅದೆಂಗಾಯ್ತದೆ? ರಾಶಿ ಕಟ್ಟಾಗೈತೆ, ಗೆರೆ ಎಳ್ದಾಗೈತೆ. ಮೊದ್ಲನೇ ಅಳತೆ ಆಗೋಗಂಟ ನಾನೇ ಕೈ ಇಕ್ಕಂಗಿಲ್ಲ. ಇನ್ನು ನಿಮ್ಮ ಕೈ?"

"ಅಳತೆ ಯಾವಾಗ?"

"ಅವ್ವ ಎಡೆ ತರ್ಬೇಕು. ಬತ್ತಾ ಅವ್ಳೆ."

ಸಿದ್ದಬಸಪ್ಪ ನಿಧಾನವಾಗಿ ನಡೆದು ಬಂದು ಗೆರೆಯಿಂದ ಎರಡು ಮಾರು ದೂರದಲ್ಲಿ ನಿಂತು, ಗಡಿಯಾರ ತೆಗೆದು, "ಈಗಿನಿಂದ, ಬೇಲೂರು ಮೇಷ್ಟ್ರೇ," ಎಂದರು. ಗಂಟೆ ಒಂಬತ್ತಾಗಿ ಎರಡು ನಿಮಿಷ.

ಇಂದುಧರ ಊರಿನ ದಾರಿ ನೋಡಿದ. ತಲೆಯ ಮೇಲೆ ಮಂಕರಿ ಹೊತ್ತ ಮುದುಕಿಯೊಬ್ಬಳು ತೆಂಗಿನ ತೋಟದ ಕೊನೆಯಲ್ಲಿ ಕಾಣುತ್ತಿದ್ದಳು. ಆಕೆಯ ನಡಿಗೆಗೆ ಆತುರವೆಂಬುದು ಗೊತ್ತೇ ಇರಲಿಲ್ಲ. ಅವನಿಗೆ ಅಲ್ಲೇ ಕೂಗಬೇಕೆನಿಸಿತು. ಕೂಗುವ ಬದಲು ಬೂಟು ಬಿಚ್ಚಿ ಎಸೆದು, ಗೆರೆ ದಾಟಿ ಒಳಗೆ ಹೋಗಿ, ರಾಶಿಗೆ ಬಗ್ಗಿ ಕೈ ಮುಗಿದ. ಹುಟ್ಟಿದಾಗಿನಿಂದ ಮಾಡಿದ ಅಭ್ಯಾಸ, ಯೋಚಿಸಿ ಮಾಡಿದ್ದಲ್ಲ. ತಲೆ ಎತ್ತುವಾಗ ಚಿಕ್ಕಣ್ಣ ನಗುತ್ತಿದ್ದ.

"ಒಕ್ಲು ಮನೆಯೋರೇ ಅನ್ನಿ. ಸರಿ, ಒಳೀಕೆ ಬಂದ್ಮೇಲೆ ಇನ್ನು ಪೂಜೆ ಮುಗ್ಯೋಗಂಟ ಆಚೆ ಹೋಗಂಗಿಲ್ಲ. ಗೊತ್ತಲ್ಲ?"

ಗೊತ್ತಿತ್ತು. ಗೆರೆಯೊಳಗೆ ಬಂದವನು ಅಳತೆಗೆ ಮುಂಚೆ ಹೊರಗೆ ಹೋದರೆ ರಾಶಿಯ ಹುಲುಸು ಅವನ ಹಿಂದೆ ಹೋಗುತ್ತದೆ ಎಂಬುದನ್ನು ಅವನ ಅಜ್ಜಿಯೂ ಹೇಳುತ್ತಿದ್ದಳು. ಇಂದುಧರ ತುಟಿ ಕಚ್ಚಿಕೊಂಡ. ಹೊರಗೇ ನಿಂತಿದ್ದರೆ ಬೇಡವೆಂದಾಗ ಹಿಂದಿರುಗಿ ಇನ್ನೊಂದು ಚೆಂಡು ಹೊಡೆಯಬಹುದಿತ್ತು. ಈಗ ಅದೂ ಇಲ್ಲ.

ಎರಡೂವರೆ ನಿಮಿಷಕ್ಕೆ ಚಿಕ್ಕಣ್ಣನ ತಾಯಿ ಗಿರಿಯಮ್ಮ ಬಂದಳು. ಮಂಕರಿ ಇಳಿಸಿ, ಸೆರಗಿನಿಂದ ಮುಖ ಒರೆಸಿ, ಇಂದುಧರನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಯಾರಪ್ಪ ಇವ್ನು? ಅಂಗಿ ಹರ್ಕಂಡವ್ನೆ."

"ಬೇಲೂರು ಮೇಷ್ಟ್ರಂತೆ ಕಣವ್ವ. ಅವರ ಚೆಂಡು ನಮ್ಮ ರಾಶೀಗೆ ಬಿದ್ದೈತೆ."

"ಮೇಷ್ಟ್ರಾ? ಹುಡುಗ್ರಿಗೆ ಪಾಠ ಹೇಳೋದ್ ಬಿಟ್ಟು ಇದ್ಯಾಕಪ್ಪ ಬಿಸಿಲಲ್ಲಿ?"

"ಅವ್ವ, ದಯವಿಟ್ಟು ಪೂಜೆ ಶುರು ಮಾಡಿ," ಎಂದ ಇಂದುಧರ.

"ಮಾಡ್ತೀನಿ ಇರು ಮಗಾ. ರಾಶಿ ಎಲ್ಲಿಗೂ ಓಡೋಗಕ್ಕಿಲ್ಲ."

ಅವಳು ಎಲೆ ಹಾಸಿದಳು. ಅದರ ಮೇಲೆ ಮುದ್ದೆ, ಅವರೆಕಾಳಿನ ಸಾರು, ಬೆಲ್ಲ. ಎಲೆಯ ತುದಿ ಗಾಳಿಗೆ ಮಗುಚಿಕೊಂಡಿತು. ಸರಿಮಾಡಿ ಮೇಲೊಂದು ಕಲ್ಲು ಇಟ್ಟಳು. ಗಂಧದ ಕಡ್ಡಿ ಹಚ್ಚಿದಳು, ಗಾಳಿ ಆರಿಸಿತು. ಇಂದುಧರ ಹೋಗಿ ಬೆನ್ನಿನಿಂದ ಗಾಳಿ ತಡೆದು ನಿಂತ. ಮತ್ತೆ ಹಚ್ಚಿದಳು. ಕರ್ಪೂರ ಹತ್ತಿತು, ಕಾಯಿ ಒಡೆಯಿತು, ಚಿಕ್ಕಣ್ಣ ಮೂರು ಸುತ್ತು ಬಂದು ಕೊಳಗ ಎತ್ತಿಕೊಂಡ. ಈಗ ಯಾರೂ ಮಾತಾಡಬಾರದು. ಚಿಕ್ಕಣ್ಣ ಒಳ್ಳೆಯ ಮನುಷ್ಯ. ಎಂದಿನಂತೆ ಮೂಡಣ ಕಡೆಯಿಂದ ತುಂಬುವುದು ಬಿಟ್ಟು, ಚೆಂಡು ಹೊಕ್ಕ ಕಡೆಗೇ ಹೋಗಿ ಬಗ್ಗಿದ. ಕೊಳಗದ ಅಂಚು ರಾಗಿಗೆ ಇನ್ನೇನು ತಾಗಬೇಕು.

ಇಂದುಧರ ಸಿದ್ದಬಸಪ್ಪನವರ ಕಡೆ ತಿರುಗಿದ. ಎಷ್ಟಾಯಿತು ಎಂದು ಹುಬ್ಬಿನಲ್ಲೇ ಕೇಳಿದ. ಸಿದ್ದಬಸಪ್ಪನವರಿಗೂ ಕಣದ ಪದ್ಧತಿ ಗೊತ್ತು. ಬಾಯಿ ತೆರೆಯದೆ ನಾಲ್ಕು ಬೆರಳು ಎತ್ತಿ, ಐದನೆಯದನ್ನು ಅರ್ಧ ಮಡಿಸಿ ತೋರಿಸಿದರು.

"ನಾಲ್ಕೂವರೆ?" ಎಂದುಬಿಟ್ಟ ಇಂದುಧರ.

ಚಿಕ್ಕಣ್ಣನ ಕೈ ನಿಂತಿತು. ಗಿರಿಯಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ನಿನ್ನ ಬಾಯಿಗಿಷ್ಟು! ಅಳತೆಗೆ ಮುಂಚೆ ಎಣಿಕೆ ಆಡಿದ್ಯಲ್ಲೋ!"

"ಅದು ರಾಗಿ ಎಣಿಕೆ ಅಲ್ಲ ಅವ್ವ, ನಿಮಿಷ—"

"ಯಾವ್ದಾದ್ರೇನು? ರಾಶಿಗೆ ಕಿವಿ ಇಲ್ವಾ? ಇಡೋ ಚಿಕ್ಕಾ ಕೊಳ್ಗ ಕೆಳೀಕೆ. ಇನ್ನೊಂದ್ಸಲ ಕರ್ಪೂರ ಹಚ್ಬೇಕು."

ಇಂದುಧರನಿಗೆ ಏಳು ವರ್ಷವಾಗಿದ್ದಾಗ ಮನೆಯ ಕಣದಲ್ಲಿ ಮೂಟೆಗಳನ್ನು ಬೆರಳು ಮಾಡಿ ಎಣಿಸಿ ಅಜ್ಜಿಯಿಂದ ಏಟು ತಿಂದಿದ್ದ. ಹಾಗಾಗಿ ಇದು ಗೊತ್ತಿಲ್ಲದೆ ಆದ ತಪ್ಪು ಎಂದು ಹೇಳಿಕೊಳ್ಳುವ ಸಮಾಧಾನವೂ ಅವನಿಗೆ ಇರಲಿಲ್ಲ. ಆ ಹುಲ್ಲಿಲ್ಲದ ನೆಲ, ಆ ಗಾಳಿ, ಆ ಎಮ್ಮೆ, ಎಲ್ಲದರ ಮೇಲೂ ಬೆಳಿಗ್ಗೆಯಿಂದ ಸಿಟ್ಟು ಮಾಡಿಕೊಂಡು ಬಂದಿದ್ದ. ಈಗ ತಪ್ಪಿದ ಬಾಯಿ ತನ್ನದೇ.

ಕರ್ಪೂರದ ಬಿಲ್ಲೆ ಹುಡುಕಲು ಗಿರಿಯಮ್ಮ ಎಲೆಯಡಿಕೆ ಚೀಲವನ್ನೆಲ್ಲ ತಡಕಿದಳು. ಸಿಕ್ಕಿತು. ಬೆಂಕಿ ಕಡ್ಡಿ ಒಂದು ಆರಿತು, ಎರಡನೆಯದು ಹತ್ತಿತು. ಚಿಕ್ಕಣ್ಣ ಈ ಸಲ ಒಂದೇ ಸುತ್ತು ಬಂದ, ಅದೂ ಬಿರಬಿರನೆ. ಬಗ್ಗಿ ಕೊಳಗವನ್ನು ರಾಶಿಗೆ ಒತ್ತಿ ತುಂಬಿಕೊಂಡು, "ಲಾಭ," ಎಂದ. ಒಂದು ಎನ್ನುವುದಕ್ಕೆ ಕಣದಲ್ಲಿ ಹೇಳುವ ಮಾತು ಅದು. ತುಂಬಿದ ಕೊಳಗದ ನೆತ್ತಿಯ ಮೇಲೆ, ಕಂದು ರಾಗಿಯ ನಡುವೆ, ಹೊಸ ಚೆಂಡು ಬೆಳ್ಳಗೆ ಕುಳಿತಿತ್ತು.

"ಗಾರ್ಡ್ ಸಾಹೇಬ್ರೇ! ಕಾಣ್ತಲ್ಲ? ಕಾಣ್ತಲ್ಲ?"

ಸಿದ್ದಬಸಪ್ಪ ಗಡಿಯಾರದ ಮುಚ್ಚಳ ಮುಚ್ಚಿದರು. "ಕಾಣ್ತು. ಐದು ನಿಮಿಷ ಹದಿನೈದು ಸೆಕೆಂಡಿಗೆ."

"ಹದಿನೈದು ಸೆಕೆಂಡ್!"

"ನಾನು ಮೂವತ್ತೊಂದು ವರ್ಷ ಹಸಿರು ಬಾವುಟ ಹಿಡಿದಿದ್ದೆ, ಮೇಷ್ಟ್ರೇ. ಹದಿನೈದು ಸೆಕೆಂಡ್ ತಡವಾಗಿ ಬಂದವರ ಮುಖ ಹೇಗಿರುತ್ತೆ ಅಂತ ನನಗೆ ಗೊತ್ತು. ಗಾಡಿ ನಿಲ್ಲಿಸಿಲ್ಲ."

"ಸರಿ, ಚೆಂಡಾದ್ರೂ ಕೊಡಿ," ಎಂದು ಇಂದುಧರ ಕೊಳಗದ ಕಡೆ ಕೈ ಚಾಚಿದ. ಗಿರಿಯಮ್ಮ ಆ ಕೈಯ ಮೇಲೆ ಒಂದು ಏಟು ಹಾಕಿದಳು.

"ಮೊದ್ಲನೇ ಕೊಳ್ಗ ದೇವ್ರುದು. ಅದ್ರಾಗಿರೋದೆಲ್ಲ ದೇವ್ರುದೇ."

ಅವನು ವಾದ ಮಾಡಲಿಲ್ಲ. ಮಾಡಿದ್ದರೆ ಅತ್ತುಬಿಡುತ್ತಿದ್ದ. ಗೆರೆ ದಾಟಿ ಏರಿಯ ಬುಡದವರೆಗೆ ಬಿರುಸಾಗಿ ನಡೆದ. ಚೀಲದಲ್ಲಿದ್ದ ಹಳೆಯ, ಒಂದು ಕಡೆ ಸಿಪ್ಪೆ ಎದ್ದ ಚೆಂಡನ್ನು ತೆಗೆದಿಟ್ಟ ಮೇಲೆ, ಬೂಟು ಕಣದಲ್ಲೇ ಉಳಿದದ್ದು ನೆನಪಾಯಿತು. ಹಿಂದೆ ಇಬ್ಬರು ರೈಲ್ವೆಯವರು ಏಳನೆಯದನ್ನು ಮುಗಿಸಿ ಬಂದು ಕಾಯುತ್ತ ನಿಂತಿದ್ದರು. ಅವರಲ್ಲೊಬ್ಬ ಅವನ ಕಾಲು ನೋಡಿ ಇನ್ನೊಬ್ಬನಿಗೆ ಏನೋ ಹೇಳಿದ.

"ಬೂಟು ತರ್ತೀರಾ?" ಎಂದು ಕೇಳಿದರು ಸಿದ್ದಬಸಪ್ಪ. "ಹೋಗಿಬಂದ್ರೆ ಇವರನ್ನ ಮುಂದೆ ಬಿಡಬೇಕು."

"ಬೇಡ."

ಬರಿಗಾಲಲ್ಲಿ ಹೊಡೆದ. ಕಾಲ ಕೆಳಗೆ ನೆಗ್ಗಿಲು ಮುಳ್ಳು ಚುಚ್ಚಿದರೂ ಹೊಡೆತ ನೇರವಾಗಿತ್ತು. ಅದು ಮೂರನೆಯದು. ನಾಲ್ಕನೆಯದಕ್ಕೆ ಮರಳು ಸೇರಿತು. ಐದು, ಆರು. ಒಟ್ಟು ನಲವತ್ತೊಂದು. ಐದು ಹೊಡೆತ ಬೇಡುವ ಒಂಬತ್ತನೆಯ ಗುಂಡಿಯನ್ನು ಈಗ ನಾಲ್ಕರಲ್ಲಿ ಮುಗಿಸಬೇಕು.

ಒಂಬತ್ತನೆಯದು ರೈಲು ದಾರಿಯ ಪಕ್ಕದಲ್ಲೇ ಸಾಗುತ್ತದೆ. ಮೊದಲ ಹೊಡೆತ ಹುತ್ತಗಳನ್ನು ದಾಟಿತು. ಎರಡನೆಯದು ಒಂದು ಕಲ್ಲಿಗೆ ತಾಗಿ, ಆ ಬೆಳಿಗ್ಗೆಯಲ್ಲಿ ಮೊದಲ ಬಾರಿಗೆ, ಮುಂದಕ್ಕೇ ಹಾರಿತು. ಮೂರನೆಯದು ಮರಳಿನ ಮೇಲೆ ಬಿದ್ದು ಗುಂಡಿಯಿಂದ ಆರಡಿಯಲ್ಲಿ ನಿಂತಿತು. ಹಿಂದೆ ಬರುತ್ತಿದ್ದ ರೈಲ್ವೆಯವರೂ ನಿಂತು ನೋಡತೊಡಗಿದರು. ಕೊನೆಯ ಹೊಡೆತಕ್ಕೆ ಮುಂಚೆ ಮರಳನ್ನು ಒಂದು ಸಲ ಹಲಗೆಯಿಂದ ಸಮ ಮಾಡಿಕೊಳ್ಳಬಹುದು. ಇಂದುಧರ ಹಲಗೆ ಎಳೆದ. ಆರು ಅಡಿ ಉದ್ದಕ್ಕೆ ನುಣ್ಣನೆಯ ಕಪ್ಪು ದಾರಿ ಬಿತ್ತು. ಗಾಳಿ ನಿಂತಿತ್ತು. ಅವನು ಬಗ್ಗಿ ತಳ್ಳಿದ.

ಚೆಂಡು ದಾರಿ ತಪ್ಪಲಿಲ್ಲ. ಗುಂಡಿಯ ಅಂಚಿಗೆ ಬಂತು. ಅಂಚಿನಲ್ಲಿ, ಸಿಪ್ಪೆ ಎದ್ದ ಭಾಗ ಮರಳಿಗೆ ಕಚ್ಚಿ, ನಿಂತಿತು. ಅರ್ಧ ಚೆಂಡು ಗುಂಡಿಯ ಮೇಲೆ, ಅರ್ಧ ಮರಳಿನ ಮೇಲೆ.

ಇಂದುಧರ ನೋಡುತ್ತ ನಿಂತ. ಸಿದ್ದಬಸಪ್ಪನವರೂ ನೋಡುತ್ತ ನಿಂತರು. ಗಡಿಯಾರಕ್ಕೆ ಕೈ ಹಾಕಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಗಾಳಿ ಬರುತ್ತೇನೋ ಕಾಯಿರಿ. ತಾನಾಗೇ ಬಿದ್ರೆ ನಾಲ್ಕೇ," ಎಂದರು, ಬೇರೆ ದನಿಯಲ್ಲಿ.

ಬೆಳಿಗ್ಗೆ ಏಳರಿಂದ ಎಡೆಬಿಡದೆ ಬೀಸಿದ್ದ ಗಾಳಿ ಬರಲಿಲ್ಲ. ರೈಲ್ವೆಯವನೊಬ್ಬ ಕೆಮ್ಮಿದ. ಇಂದುಧರ ಕೋಲಿನ ತುದಿಯಿಂದ ಚೆಂಡನ್ನು ಮುಟ್ಟಿದ. ಒಳಗೆ ಬಿತ್ತು. ಐದು.

"ನಲವತ್ತಾರು," ಎಂದರು ಸಿದ್ದಬಸಪ್ಪ. ಈ ಸಲ ಇಂದುಧರ ಗೊತ್ತು ಎನ್ನಲಿಲ್ಲ.

ಜಗಲಿಯಲ್ಲಿ ಚೀಟಿಗೆ ಸಹಿ ಹಾಕುತ್ತಿರುವಾಗ ಚಿಕ್ಕಣ್ಣ ಬಂದ. ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿದ ರಾಗಿಯ ಗಂಟು.

"ಕಣಕ್ಕೆ ಬಂದೋರು ಬರಿಗೈಲಿ ಹೋಗ್ಬಾರ್ದಂತೆ. ಅವ್ವ ಕಳಿಸಿದ್ಲು. ಬೈದದ್ದ ಮನ್ಸಿಗೆ ಹಾಕ್ಕಬ್ಯಾಡಿ."

"ಇಲ್ಲ."

"ಗೆದ್ರಾ ಸ್ವಾಮಿ?"

"ಇಲ್ಲ ಕಣಪ್ಪ."

"ಹೋಗ್ಲಿ ಬುಡಿ. ಬರೋ ಸುಗ್ಗೀಗೆ ಬನ್ನಿ. ರಾಶೀನ ಇನ್ನೊಂದಿಷ್ಟು ಆ ಕಡೀಕೆ ಹಾಕ್ತೀನಿ."

ಇಂದುಧರ ಗಂಟನ್ನು ಕೋಲಿನ ಚೀಲಕ್ಕೆ ಸೇರಿಸಿ, ಬೂಟು ಹಾಕಿಕೊಳ್ಳಲು ಕೂತ. ಅಂಗಾಲಿನಲ್ಲಿ ನೆಗ್ಗಿಲು ಮುಳ್ಳು ಏಳು ಇದ್ದವು, ಒಂದೊಂದೇ ಕಿತ್ತ. ತಲೆಯ ಮೇಲೆ ಫಲಕ ತೂಗುತ್ತಿತ್ತು. ಅವನು ಅದರ ಕಡೆ ನೋಡಲಿಲ್ಲ.

ಮೂರು ಗಂಟೆಯ ಬಸ್ಸಿನಲ್ಲಿ ಬೇಲೂರಿಗೆ ಹೊರಟ. ಅಷ್ಟರಲ್ಲಿ ದೇವರ ಕೊಳಗ ಚೆಂಡಿನ ಸಮೇತ ಊರ ಗುಡಿಗೆ ಹೋಗಿತ್ತು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಇಂದುಧರ ಪಾವಗಡದ ಶಾಲೆಯ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ. ಅರಸೀಕೆರೆಯ ಫಲಕಕ್ಕೆ ಆ ವರ್ಷ ಯಾವ ಹೆಸರೂ ಸೇರಲಿಲ್ಲ.